ಟೆಸ್ಟರ್ ಮಾವನೂ ಭಾವನ ಹಳೇ ಕಾರೂ

ನಮ್ಮ ಬೀದಿಯಲ್ಲಿ ಟೆಸ್ಟರ್ ಮಾವ ಅಂದರೆ ಎಲ್ಲರಿಗೂ ಗೊತ್ತು. ಮದುವೆಗೆ ಹೋಗುವಾಗಲೂ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡೇ ಹೋಗುವ ಆಸಾಮಿ. ಹಳೇ ಕಾರುಗಳ ವೈರಿಂಗ್ ಅವನ ಕಸುಬು. ಸತ್ತು ಮಲಗಿದ ಕಾರನ್ನೂ ಮಾತಾಡಿಸಿ ಎಬ್ಬಿಸುತ್ತಾನೆ ಅಂತ ಹೆಸರು. ಅಂಥವನು ಒಂದು ಸಂಜೆ ಕೈಯಲ್ಲಿ ಸ್ಪ್ಯಾನರ್ ಇದ್ದೂ ಏನೂ ಮಾಡಲಾಗದೆ ನಿಂತದ್ದನ್ನು ಹೇಳುತ್ತೇನೆ, ಕೇಳಿ.

ಅವತ್ತು ಅವನ ಅಕ್ಕ, ಭಾವ ಶೆಡ್ಡಿಗೆ ಬಂದಿದ್ದರು. ಭಾವ ಈಚೆಗೆ ತಮ್ಮ ಕಾರಿಗೆ ಎರಡು ದೊಡ್ಡ ಲೈಟು ಹೆಚ್ಚಿಗೆ ಹಾಕಿಸಿದ್ದರು. ಆ ಭಾರಕ್ಕೆ ಫ್ಯೂಸಿನ ಥರದ ಬ್ರೇಕರ್ ಕಾದು ಕರೆಂಟು ಕಡಿಯುತ್ತಿತ್ತು. ನಡುರಸ್ತೆಯಲ್ಲಿ ದೀಪಗಳೆಲ್ಲ ಆರಿಹೋಗಿ, ಅದು ತಣ್ಣಗಾದ ಮೇಲೆ ಮತ್ತೆ ಹತ್ತುತ್ತಿದ್ದವು.

"ಇಷ್ಟೊಂದು ಲೈಟ್ ಯಾಕೆ ಭಾವ? ಇದು ಕಾರಾ, ನಾಟಕದ ಸ್ಟೇಜಾ?"

"ನಿನ್ನನ್ನ ಯಾರು ಕೇಳಿದ್ರೋ? ಬ್ರೇಕರ್ ಬದಲಾಯಿಸು ಸಾಕು. ಮನೆ ಮುಟ್ಟೋಷ್ಟರಲ್ಲಿ ಕತ್ತಲಾಗುತ್ತೆ."

ಮಾವ ಬ್ಯಾಟರಿಯ ತಂತಿ ಬಿಚ್ಚಿದ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಕಾದು ಕಂದಿದ ಬ್ರೇಕರ್ ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸಿದ. ಹೆಚ್ಚಿನ ಲೈಟುಗಳಿಗೆ ಬೇರೆ ವೈರು, ಬೇರೆ ಬ್ರೇಕರ್ ಕೊಟ್ಟ. ಮಲಗಿದಲ್ಲಿಂದಲೇ ಸ್ವಿಚ್ ಎಳೆದು ಕೂಗಿದ:

"ಭಾವ, ಮುಂದೆ ನಿಂತು ನೋಡಿ. ಹತ್ತಿದವಾ?"

"ಓಹೋ! ಜಗಜಗ ಅಂತಿವೆ!"

ಮಾವ ಎದ್ದು ಬಂದು ನೋಡುತ್ತಾನೆ, ಒಂದು ಲೈಟೂ ಹತ್ತಿಲ್ಲ. ಬ್ಯಾಟರಿಗೆ ತಂತಿ ಸೇರಿಸುವುದನ್ನೇ ಮರೆತಿದ್ದ. ಭಾವ ಮಾತ್ರ ಆರಿದ ದೀಪಗಳ ಎದುರು ನಿಂತು ತಲೆದೂಗುತ್ತಿದ್ದರು.

ಮಾವ ಕೈ ಒರೆಸಿಕೊಂಡ. ಅಕ್ಕನನ್ನು ನಲ್ಲಿಯ ಹತ್ತಿರ ಕರೆದ.

"ಅಕ್ಕ, ನಿಂಗೆ ಗೊತ್ತಿತ್ತಾ?"

"ಜೊತೆಗೆ ಸಂಸಾರ ಮಾಡೋಳಿಗೆ ಗೊತ್ತಾಗಲ್ವೇನೋ? ಲೋಟದ ಪಕ್ಕಕ್ಕೆ ಕಾಫಿ ಸುರಿದು, ಲೋಟ ತೂತು ಅಂತಾರೆ."

"ಡಾಕ್ಟ್ರು?"

"ಕಣ್ಣಿನ ಬೆಳಕು ಹೋದದ್ದು ಬರಲ್ಲ, ಇರೋದೂ ನಿಲ್ಲೋದು ಕಷ್ಟ ಅಂದ್ರು. ಹೊರಗೆ ಬಂದು, ಆ ಡಾಕ್ಟ್ರಿಗೇ ಕನ್ನಡಕ ಬೇಕು ಅಂತ ನಕ್ರು ಇವರು."

"ಹಾಗಾದ್ರೆ ನೀನು ಕಾರು ಹತ್ತಬೇಡ."

"ಹತ್ತದಿದ್ರೆ ಒಬ್ಬರೇ ಹೋಗ್ತಾರೆ ಕಣೋ."

ಮಾವ ತಿರುಗಿ ಬಂದು, "ಭಾವ, ಬ್ಯಾಟರಿಗೆ ತಂತಿ ಹಾಕೇ ಇರ್ಲಿಲ್ಲ ನಾನು" ಅಂದ.

ಭಾವ ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ, "ಹಾಕಿಲ್ದಿದ್ರೆ ಹಾಕು" ಅಂದರು.

"ಕೀ ಕೊಡಿ. ನಾನೇ ಮನೆಗೆ ಬಿಟ್ಟು ಬರ್ತೀನಿ."

"ನಿನ್ನಕ್ಕನ್ನ ಮದುವೆ ದಿನ ಮನೆಗೆ ಕರ್ಕೊಂಡು ಬಂದಿದ್ದೂ ಇದೇ ಕಾರಲ್ಲಿ, ಇದೇ ಕೈಯಲ್ಲಿ. ಆವಾಗ ನಿನ್ನನ್ನ ಕರೆದಿದ್ನೇನೋ?"

"ಭಾವ, ಕಾಲಿಗೆ ಬೀಳ್ತೀನಿ..."

ಭಾವ ಬಾನೆಟ್ ಎತ್ತಿ, ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ಮೇಲೆ ಬಗ್ಗಿದರು. ಬೆರಳುಗಳು ತಡವಿ ತಡವಿ ತಂತಿ ಹುಡುಕಿದವು. ಸ್ಪ್ಯಾನರ್ ಬ್ಯಾಟರಿಯ ಎರಡೂ ತುದಿಗೆ ಒಟ್ಟಿಗೇ ತಾಗುವುದರಲ್ಲಿತ್ತು. ತಾಗಿದ್ದರೆ ಕಿಡಿ ಹಾರಿ ಕೈ ಸುಡುತ್ತಿತ್ತು. ಮಾವ ಅದನ್ನು ಕಿತ್ತುಕೊಂಡ. ಕಿತ್ತುಕೊಂಡ ಮೇಲೆ ಬೇರೆ ದಾರಿ ಕಾಣದೆ, ಮೆಲ್ಲಗೆ ತಾನೇ ನಟ್ಟು ಬಿಗಿದ.

ದೀಪಗಳು ಭಗ್ಗನೆ ಹತ್ತಿದವು.

"ನೋಡು, ಈಗ ಹತ್ತಿದವು" ಅಂದರು ಭಾವ. ಈ ಸಲ ಸರಿಯಾಗಿಯೇ ಹೇಳಿದ್ದರು.

ಅಕ್ಕ ಸೆರಗು ಬಿಗಿದುಕೊಂಡು ಪಕ್ಕದಲ್ಲಿ ಕೂತಳು. ಕಾರು ಗೇಟು ದಾಟಿತು. ತೆರೆದ ಕಿಟಕಿಯಿಂದ ಅವಳ ದನಿ ಕೇಳುತ್ತಿತ್ತು: "ಎಡಕ್ಕೆ... ಇನ್ನೂ ಸ್ವಲ್ಪ... ಮುಂದೆ ಸೈಕಲ್ಲು, ನಿಧಾನ ರೀ..."

ಬೀದಿಯ ಕೊನೆಯ ತನಕ ದೀಪಗಳು ಒಂದಿಷ್ಟೂ ಮಿಣುಕಲಿಲ್ಲ. ಇಲ್ಲೇ ಎಲ್ಲಾದರೂ ಬ್ರೇಕರ್ ಕಡಿದು ಕಾರು ನಿಂತುಬಿಡಬಾರದೇ ಅಂತ ಮಾವ ನೋಡುತ್ತಲೇ ಇದ್ದ. ಅದು ಕಡಿಯಲಿಲ್ಲ. ಕಾರು ದೊಡ್ಡ ರಸ್ತೆಗೆ ತಿರುಗಿತು.