ವಾಪಸ್ ಬಂದ ಬಾಸಿಂಗ

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಸಂತೆಯಲ್ಲಿ ತೂಕದ ಕಲ್ಲನ್ನು ತಿರುಗಿಸಿ ನೋಡದೆ ತರಕಾರಿ ಕೊಂಡವಳಲ್ಲ. ಹಿಂದೂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನೂ ಅಮ್ಮನೂ ಬಾಸಿಂಗ ಮಾಡುತ್ತಿದ್ದೆವು. ಬೆಂಡು ಕೊಯ್ದು, ಜರಿ ಕಾಗದ ಅಂಟಿಸಿ, ಮಣಿ ಪೋಣಿಸಿ, ಮದುಮಕ್ಕಳ ಹಣೆಗೆ ಕಟ್ಟಲು ದಾರ ಬಿಟ್ಟರೆ ಬಾಸಿಂಗವಾಯಿತು. ಕಲ್ಯಾಣದುರ್ಗದಲ್ಲಿ ಅವನ್ನು ಮಾರುತ್ತಿದ್ದವಳು ಅಮ್ಮನ ಗೆಳತಿ, ಬಳೆ ಅಂಗಡಿಯ ಅಕ್ಕ. ಒಂದಷ್ಟು ಲಗ್ನಗಳು ಮುಗಿದ ಮೇಲೆ ಮಿಕ್ಕಿದ್ದನ್ನು ಬಸ್ಸಿಗೆ ಹಾಕಿ ವಾಪಸ್ ಕಳಿಸುತ್ತಿದ್ದಳು.

ಆ ವರ್ಷ ವಾಪಸ್ ಬಂದ ಪೆಟ್ಟಿಗೆ ಬಿಚ್ಚಿದೆ. ಒಂದು ಬಾಸಿಂಗದ ಮಣಿಗಳ ಸಂದಿಯಲ್ಲಿ ಅಕ್ಷತೆ ಕಾಳು ಸಿಕ್ಕಿತು. ಮಾರಾಟವೇ ಆಗದ ಬಾಸಿಂಗಕ್ಕೆ ಅಕ್ಷತೆ ಹಾಕಿದವರಾರು?

"ಗಾಳೀಗೆ ಬಿದ್ದಿರ್ತದೆ, ಬುಡು ಕಣಮ್ಮ," ಎಂದಳು ಅಮ್ಮ.

ಮುಚ್ಚಿದ ಪೆಟ್ಟಿಗೆಯೊಳಗೆ ಅದೆಂಥ ಗಾಳಿಯೋ!

ನಮ್ಮ ಕಡೆ ಒಬ್ಬರು ಕಟ್ಟಿದ ಬಾಸಿಂಗವನ್ನು ಇನ್ನೊಬ್ಬರು ಕಟ್ಟುವುದಿಲ್ಲ. ಮದುವೆಯಾದ ಮೇಲೆ ಮನೆಯ ತೊಲೆಗೆ ತೂಗುಹಾಕುತ್ತಾರೆ, ತಾನಾಗಿ ಉದುರುವವರೆಗೂ ಯಾರೂ ಇಳಿಸುವುದಿಲ್ಲ. ಬರುವ ತಿಂಗಳು ನನ್ನದೇ ಮದುವೆ. ನನ್ನ ಬಾಸಿಂಗವನ್ನು ಅಮ್ಮ ಆಗಲೇ ಮಾಡಿ ಬೀರುವಿನಲ್ಲಿಟ್ಟಿದ್ದಳು. ಮಾಡುವಾಗ ನಾನು ನೋಡಿರಲಿಲ್ಲ.

ಬಳೆ ತರುವ ನೆಪ ಹೇಳಿ, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಕಲ್ಯಾಣದುರ್ಗಕ್ಕೆ ಹೋದೆ. "ರಾಮ್ಮಾ, ರಾ," ಎಂದು ತೆಲುಗಿನಲ್ಲೇ ಕರೆದು ಅಕ್ಕ ನಗುನಗುತ್ತಾ ಕೂರಿಸಿದಳು. ಆ ನಗುವೂ ನನಗೆ ಸರಿಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಬಂದು ಟವೆಲ್ಲಿನಲ್ಲಿ ಸುತ್ತಿದ್ದ ಬಾಸಿಂಗ ತೆಗೆದಿಟ್ಟು, "ಮಗ್ಳು ಮದ್ವೆ ಸೆಂದಾಗಾಯ್ತಕ್ಕ," ಎಂದು ಕೈಮುಗಿದು ಹೋದಳು.

"ಇದೇನಕ್ಕ?" ಎಂದೆ. ಆ ಬಾಸಿಂಗವನ್ನು ಕೈಗೆತ್ತಿಕೊಂಡೆ.

"ಇಲ್ದೋರು ಕಣಮ್ಮ. ಕಟ್ಕಂಡು ತಂದ್ಕೊಡ್ತಾರೆ."

"ನಮ್ಮಮ್ಮಂಗೆ ಗೊತ್ತಾದ್ರೆ ನಿನ್ನ ಸುಮ್ನೆ ಬುಡ್ತಾಳಾ?"

ಅಕ್ಕ ನನ್ನನ್ನೇ ನೋಡಿದಳು. "ನಿಮ್ಮಮ್ಮನೇ ಅಲ್ವೇನಮ್ಮಾ ಹೇಳ್ಕೊಟ್ಟಿದ್ದು? ದಾರ ಬದ್ಲಾಯಿಸ್ಬುಟ್ಟು ತಿರ್ಗಾ ಕಳ್ಸೋದೂ ಆಯಮ್ಮನೇ."

ಬಳೆ ಕೊಳ್ಳದೆ ಬಂದೆ. ಬೀರುವಿನಿಂದ ನನ್ನ ಬಾಸಿಂಗ ತೆಗೆದು ಅಮ್ಮನ ಮುಂದೆ ಹಿಡಿದೆ. "ಇದನ್ನ ಯಾರ್ ಕಟ್ಕಂಡಿದ್ರು?"

ಅಮ್ಮ ಕೈಲಿದ್ದ ಬೆಂಡನ್ನು ಕೆಳಗಿಟ್ಟಳು. "ಇಲ್ದೋರ ಮಕ್ಳೂ ಹಣೆ ಬರಿದು ಮಾಡ್ಕಂಡು ಕೂರ್ಬಾರ್ದು ಅಂತ ಕೊಟ್ಟೆ, ದಿಟ. ನಿಂಗೂ ಅಂಥದ್ದೇ ಕೊಡ್ತೀನೇನೇ? ಇದು ಹೊಸ್ದು ಕಣೇ, ನಿನ್ನಾಣೆ," ಎಂದಳು.

ದಾರವೇನೋ ಹೊಸದೇ ಇತ್ತು. ಆ ಹೊಸ ದಾರವೇ ನನಗೆ ಮುಳ್ಳಾಯಿತು. ಅಮ್ಮ ಎಷ್ಟು ಅತ್ತರೂ ನಾನು ನಂಬಲಿಲ್ಲ. ಅದನ್ನು ಪೆಟ್ಟಿಗೆಗೆ ಎಸೆದು, ಕೋಣೆಯ ಅಗುಳಿ ಹಾಕಿಕೊಂಡು, ಹೊಸ ಬೆಂಡು ಕೊಯ್ದು ನನ್ನದನ್ನು ನಾನೇ ಮಾಡಿಕೊಂಡೆ. ಅಮ್ಮನನ್ನು ಹತ್ತಿರಕ್ಕೂ ಬಿಡಲಿಲ್ಲ.

ಮದುವೆಯ ದಿನ ಸೋದರಮಾವ ಅದನ್ನು ನನ್ನ ಹಣೆಗೆ ಕಟ್ಟಿದರು. ಹಸೆಗೆ ಹೊರಡುವಷ್ಟರಲ್ಲಿ ಅದು ಜಾರಿ ಕಣ್ಣಿನ ಮೇಲೆ ಬಂತು. ನಾನು ದಾರ ಬಿಟ್ಟಿದ್ದು ಸರಿಯಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಬಾಸಿಂಗ ಮಾಡಿಕೊಟ್ಟ ಅಮ್ಮ ಓಡಿ ಬಂದಳು. ಚಾಚಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಹೊರಗಿನವಳ ಹಾಗೆ, ಮೆಲ್ಲಗೆ ಕೇಳಿದಳು:

"ನಾನು ಮುಟ್ಬೌದೇನಮ್ಮಾ?"