ಚೌತಿಯ ಚಂದ್ರ ಮತ್ತು ವುಹಾನಿನ ಮೀನು

ನಮ್ಮ ಕ್ಲೈಡ್ ನಾರ್ತ್ ಬೀದಿಯಲ್ಲಿ ವ್ಯಾಕರಣಶುದ್ಧ ಕನ್ನಡ ಮಾತನಾಡುವುದು ಒಂದೇ ಒಂದು ವಸ್ತು: ಪಕ್ಕದ ಮನೆಯ ಚೀನೀ ಅಜ್ಜಿಯ ಫೋನು. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನನ್ನ ಮತ್ತು ಹೆಂಡತಿಯ ಮಾತಿನಲ್ಲಿ ಕನ್ನಡವೆಂದು ಉಳಿದಿರುವುದು ಕ್ರಿಯಾಪದಗಳು ಮಾತ್ರ. ಅಜ್ಜಿ ಹಾಗಲ್ಲ. ಬೇಲಿಯ ಆಚೆ ಸ್ಟೂಲ್ ಹತ್ತಿ ನಿಂತು, ಫೋನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ, ಅದನ್ನು ನನ್ನತ್ತ ಹಿಡಿಯುತ್ತಾರೆ. ವಾರ್ತೆ ಓದುವ ಹೆಂಗಸಿನ ಧ್ವನಿಯಲ್ಲಿ ಅನುವಾದ ಬರುತ್ತದೆ: "ಶುಭೋದಯ. ನಿಮ್ಮ ನಿಂಬೆ ಗಿಡವು ದುಃಖದಲ್ಲಿದೆ."

ಅಜ್ಜಿ ಮಗನ ಮನೆಗೆಂದು ಬಂದು ಎರಡು ವರ್ಷವಾಗಿತ್ತು. ಮೊದಲ ದಿನ ಊರು ಯಾವುದೆಂದು ಕೇಳಿದೆ. ವುಹಾನ್ ಎಂದರು. ಹೇಳಲು ನಾಚಿಕೆಯಾಗುತ್ತದೆ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಡುವೆ ಬೇಲಿಯಿತ್ತು, ಆ ಕಾಯಿಲೆಯ ಕಾಲ ಕಳೆದು ವರ್ಷಗಳಾಗಿದ್ದವು, ಆದರೂ ಸರಿದೆ. ಮಾರನೆಯ ದಿನ ಅವರು ಒಂದು ತಟ್ಟೆ ಕಿತ್ತಳೆ ಕೊಟ್ಟರು. ಅದನ್ನು ಮೂರು ಸಲ ತೊಳೆದೆ. ಅದೂ ನಿಜ.

ಆಮೇಲೆ ಆ ಬೇಲಿಯ ಮೇಲೆಯೇ ವುಹಾನಿನ ಹಬ್ಬಗಳೆಲ್ಲ ಒಂದೊಂದಾಗಿ ನಡೆದವು. ವರ್ಷದ ಮೊದಲ ಹುಣ್ಣಿಮೆಗೆ ದೀಪಗಳು, ಅಂಟಕ್ಕಿಯ ಸಿಹಿ ಉಂಡೆ. ಮಾರ್ಚಿನಲ್ಲಿ ಚೆರ್ರಿ ಹೂವು. ಅಜ್ಜಿಯ ಪ್ರಕಾರ ಹೂವಿಗಿಂತ ನೋಡುವವರ ತಲೆಗಳೇ ಹೆಚ್ಚು. ಐದನೆಯ ತಿಂಗಳಲ್ಲಿ ಕೆರೆಯ ಮೇಲೆ ಡ್ರ್ಯಾಗನ್ ದೋಣಿಗಳ ಪಂದ್ಯ, ಜೊತೆಗೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅಕ್ಕಿ. ನಮ್ಮ ಕೊಟ್ಟೆ ಕಡುಬಿನ ದಾಯಾದಿಯಂತಿತ್ತು, ಒಳಗೆ ಹಂದಿ ಇರದಿದ್ದರೆ. ಬೇಸಿಗೆಯಲ್ಲಿ ಯಾಂಗ್‌ತ್ಸೆ ನದಿಯನ್ನು ಈಜಿ ದಾಟುವ ದಿನ. ಅವರ ಗಂಡ ಸೊಂಟಕ್ಕೆ ಕಿತ್ತಳೆ ಬಣ್ಣದ, ಗಾಳಿ ತುಂಬಿದ ತೇಲುಬುರುಡೆ ಕಟ್ಟಿಕೊಂಡು ಪ್ರತಿವರ್ಷ ದಾಟುತ್ತಿದ್ದರಂತೆ. ಇವರು ಅವರ ಪ್ಯಾಂಟು ಹಿಡಿದುಕೊಂಡು ಫೆರಿಯಲ್ಲಿ ಆಚೆ ದಡಕ್ಕೆ ಹೋಗಿ ಕಾಯಬೇಕು. "ಒಮ್ಮೆ ನಾನು ತಪ್ಪಾದ ದಡದ ಮೆಟ್ಟಿಲಲ್ಲಿ ನಿಂತಿದ್ದೆನು," ಎಂದಿತು ಫೋನು. "ಅವರು ಬಹಳ ಹೊತ್ತು ನೀರಿನಲ್ಲಿಯೇ ಇದ್ದರು."

ಚಳಿಗಾಲ ಬಂತೆಂದರೆ ಆ ಊರಿನ ಬಾಲ್ಕನಿಗಳಲ್ಲೆಲ್ಲ ಉಪ್ಪು ಸವರಿದ ಮೀನುಗಳು ಒಣಗುತ್ತವಂತೆ. ಇಲ್ಲಿ, ಭೂಗೋಳದ ದಕ್ಷಿಣಾರ್ಧದಲ್ಲಿ, ಎಲ್ಲವೂ ತಿರುವುಮುರುವು. ಅವರ ವಸಂತದ ಹಬ್ಬ ಉರಿಬಿಸಿಲಿನಲ್ಲಿ, ನಮ್ಮ ಯುಗಾದಿ ಎಲೆ ಉದುರುವಾಗ. ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬವನ್ನು ಕ್ಯಾಲೆಂಡರಿಗೆ ಬಿಟ್ಟರು, ಮೀನನ್ನು ಚಳಿಗೆ ಒಪ್ಪಿಸಿದರು. ಜುಲೈ ಹೊತ್ತಿಗೆ ಅವರ ಹಿತ್ತಲ ಮಾಡಿನಡಿ ಒಂದು ಸಾಲು ಮೀನು ತೂಗಾಡಿತು. ವಾಸನೆ ನೇರವಾಗಿ ನಮ್ಮ ದೇವರಮನೆಗೆ ಬರುತ್ತಿತ್ತು. ವಾರಗಟ್ಟಲೆ ಯೋಚಿಸಿ, ಯಾರಿಗೂ ನೋವಾಗದಂಥ ಪ್ರಶ್ನೆಯೊಂದನ್ನು ತಯಾರಿಸಿ ಫೋನಿಗೆ ಹೇಳಿದೆ: "ಮೀನು ಯಾವಾಗ ಮುಗಿಯುತ್ತದೆ?"

ಅಜ್ಜಿ ಕೇಳಿಸಿಕೊಂಡು, ಗಂಭೀರವಾಗಿ ಉತ್ತರಿಸಿದರು. "ಮೀನುಗಳಿಗೆ ಅಂತ್ಯವಿಲ್ಲ."

ಆದರೂ ಸೆಪ್ಟೆಂಬರ್ ಹೊತ್ತಿಗೆ ಒಂದೇ ಉಳಿದಿತ್ತು, ಎಲ್ಲಕ್ಕಿಂತ ದೊಡ್ಡದು. ಅದನ್ನು ಎಂಟನೆಯ ತಿಂಗಳ ಹುಣ್ಣಿಮೆಯ ಊಟಕ್ಕೆ ಇಟ್ಟಿದ್ದರು. ಮನೆಯವರೆಲ್ಲ ಚಂದ್ರನ ಕೆಳಗೆ ಒಟ್ಟಿಗೆ ಕೂತು ಉಣ್ಣುವ ಹಬ್ಬ. ಆ ಸಲ ನಮ್ಮನ್ನೂ ಕರೆದಿದ್ದರು. ಆ ಹುಣ್ಣಿಮೆಗೆ ಹತ್ತು ದಿನ ಮೊದಲು ನಮ್ಮ ಗಣೇಶನ ಚೌತಿ.

ಚೌತಿಯ ಚಂದ್ರನನ್ನು ನೋಡಿದರೆ ಮಾಡದ ಕಳ್ಳತನದ ಅಪವಾದ ಬರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ನಂಬದೆಯೇ ಐವತ್ತು ವರ್ಷದಿಂದ ಪಾಲಿಸುತ್ತಿದ್ದೇನೆ. ಆ ಸಂಜೆ ಹಿತ್ತಲಲ್ಲಿ ಬಕೆಟ್ಟಿನ ನೀರಿಗೆ ಗಣಪತಿಯನ್ನು ಬಿಟ್ಟು, ಕತ್ತು ಬಗ್ಗಿಸಿಕೊಂಡೇ ನಿಂತಿದ್ದೆ. ಬೇಲಿಯ ಮೇಲಿನಿಂದ ಧ್ವನಿ ಬಂತು: "ದಯವಿಟ್ಟು ಮೇಲೆ ನೋಡಿ."

ಅಷ್ಟು ಶುದ್ಧ ಕನ್ನಡದಲ್ಲಿ ಹೇಳಿದರೆ ಯಾರು ತಾನೆ ನೋಡುವುದಿಲ್ಲ? ನೋಡಿದೆ. ಅಜ್ಜಿ ಸಂಭ್ರಮದಿಂದ ಬೆರಳು ತೋರಿಸುತ್ತಿದ್ದರು. ಎಳೆಯ ಚಂದ್ರ, ಸ್ಪಷ್ಟವಾಗಿ.

ಒಳಗೆ ಓಡಿ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಇರುವುದು ಸಿಡ್ನಿಯ ಟೂಂಗಾಬಿಯಲ್ಲಿ. ನಮ್ಮ ಕುಟುಂಬದ ಶಾಸ್ತ್ರ ವಿಭಾಗವೆಲ್ಲ ಅವಳದೇ.

"ಅಕ್ಕ, ಚಂದ್ರನ್ನ ನೋಡ್ಬಿಟ್ಟೆ."

"ಬೆಳಗ್ಗೆ ಮೆಸೇಜ್ ಹಾಕಿದ್ನಲ್ಲೋ. ಕಣ್ಣು ಸುಮ್ನಿರಲ್ವಾ ನಿಂಗೆ?"

"ಇಲ್ಲಿ ಚಂದ್ರ ಉಲ್ಟಾ ಕಾಣ್ಸತ್ತೆ. ಎಡಗಡೆ ಬೆಳಕು. ಲೆಕ್ಕಕ್ಕೆ ಬರಲ್ಲ ಅನ್ಸತ್ತೆ."

"ನೀನು ತಲೆಕೆಳಗಾಗಿ ನಿಂತ್ರೆ ಬೇರೆಯವ್ನಾಗ್ತೀಯಾ? ನಮ್ಮಜ್ಜಿ ಹೇಳ್ತಿದ್ದಿದ್ದು ಮರ್ತೋಯ್ತಾ? ಪಕ್ಕದ್ಮನೆ ಮೇಲೆ ಒಂದ್ ಕಲ್ಲು ಎಸಿ. ಅವ್ರು ಬೈದ್ರೆ ಅಪವಾದ ಅಲ್ಲಿಗೇ ಮುಗೀತು."

"ಇಲ್ಲಿ ಬೈಯಲ್ಲ ಅಕ್ಕ, ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡ್ತಾರೆ."

"ಚಿಕ್ ಕಲ್ಲು ಎಸಿ."

ಹೂಕುಂಡದಿಂದ ಅಲಂಕಾರದ ಬಿಳಿ ಕಲ್ಲೊಂದನ್ನು ಆರಿಸಿ, ಆಚೀಚೆ ನೋಡಿ, ಅವರ ಮಾಡಿನ ಮೇಲೆ ಎಸೆದೆ. ಟಿಕ್ ಎಂದಿತು. ಯಾರೂ ಬರಲಿಲ್ಲ. ಕಾದು ನಿಂತೆ.

"ಅಲ್ಲಿ ಏನ್ ಮಾಡ್ತಿದೀರಾ?" ಹೆಂಡತಿ ಬಾಗಿಲಿಗೆ ಬಂದಳು.

"ಬೈಸ್ಕೊಳ್ಳೋಕೆ ನಿಂತಿದೀನಿ."

"ಅದಕ್ಕೆ ಹೊರಗಡೆ ಯಾಕೆ? ಒಳಗ್ ಬನ್ನಿ, ನಾನೇ ಬೈತೀನಿ."

ಹೆಂಡತಿ ಬೈದಿದ್ದು ಪರಿಹಾರಕ್ಕೆ ಸೇರುವುದಿಲ್ಲ ಎಂದು ಅಕ್ಕ ಆಮೇಲೆ ಸ್ಪಷ್ಟಪಡಿಸಿದಳು.

ಬೆಳಿಗ್ಗೆ ಅಜ್ಜಿಯ ಮಗ ಬಂದು ಬೆಲ್ ಒತ್ತಿದ. ನನ್ನ ಹಾಗೆಯೇ ಐಟಿಯವನು, ಮೆದು ಮಾತಿನವನು. ರಾತ್ರಿ ಅಮ್ಮನ ದೊಡ್ಡ ಮೀನು ಕಾಣೆಯಾಗಿದೆ ಎಂದ. ನಿನ್ನ ಮೇಲೆ ಅನುಮಾನವಲ್ಲ, ಆದರೆ ಇದನ್ನು ನೋಡು ಎಂದು ಕ್ಯಾಮೆರಾದ ವಿಡಿಯೊ ತೋರಿಸಿದ. ಒಬ್ಬ ಹೊಟ್ಟೆ ಬಂದ ಮನುಷ್ಯ ಕಳ್ಳನಂತೆ ಆಚೀಚೆ ನೋಡುತ್ತಾನೆ, ಬಗ್ಗುತ್ತಾನೆ, ಅವರ ಹಿತ್ತಲಿನತ್ತ ಏನೋ ಎಸೆಯುತ್ತಾನೆ, ಮತ್ತೆ ನಿಂತು ಕಾಯುತ್ತಾನೆ. ನಾನು ಪೊಲೀಸನಾಗಿದ್ದರೆ ನನ್ನನ್ನು ಆಗಲೇ ಒಳಗೆ ಹಾಕುತ್ತಿದ್ದೆ. ಮೀನು ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿದವನೂ ನಾನೇ.

ನಿಜ ಹೇಳಬಹುದಿತ್ತು. ಚಂದ್ರ, ಗಣಪತಿ, ಅಪವಾದ, ಇದನ್ನೆಲ್ಲ ಬೆಳಗಿನ ಎಂಟು ಗಂಟೆಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? "ಕಾಕಟೂ ಗಿಳಿಗಳನ್ನು ಓಡಿಸುತ್ತಿದ್ದೆ," ಎಂದುಬಿಟ್ಟೆ. ಅವನು ವಿಡಿಯೊವನ್ನು ಇನ್ನೊಮ್ಮೆ ನೋಡಿದ. ಅದರಲ್ಲಿ ಹಕ್ಕಿ ಇರಲಿಲ್ಲ. ಸರಿ ಎಂದು ಹೊರಟುಹೋದ.

ಎರಡು ದಿನ ಅಜ್ಜಿ ಸ್ಟೂಲ್ ಹತ್ತಲಿಲ್ಲ. ಹಿತ್ತಲಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ನಾನು ಕೆಮ್ಮಿದರೆ ನಿಲ್ಲುತ್ತಿತ್ತು. ಹುಣ್ಣಿಮೆಯ ಊಟ ಹೋದರೆ ಹೋಗಲಿ, ಆ ಅಜ್ಜಿ ನನ್ನನ್ನು ಮೀನು ಕದ್ದವನೆಂದು ತಿಳಿದುಕೊಂಡೇ ಇದ್ದುಬಿಟ್ಟರೆ ಎನ್ನುವುದು ನನ್ನನ್ನು ಕಾಡಿತು. ಆಫೀಸಿನ ಮೀಟಿಂಗ್‌ಗಳಲ್ಲೂ ಅದೇ ಯೋಚನೆ.

ಮೂರನೆಯ ಸಂಜೆ ನಾನೇ ನಮ್ಮ ಕಡೆ ಕುರ್ಚಿ ಹಾಕಿಕೊಂಡು ಹತ್ತಿದೆ. ಅಜ್ಜಿ ಈರುಳ್ಳಿ ಸಸಿಗೆ ನೀರು ಹಾಕುತ್ತಿದ್ದರು. ನನ್ನ ಫೋನಿಗೆ ಕನ್ನಡದಲ್ಲಿ, ವಾರ್ತೆಯವರ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. "ನಾನು ಹೇಳಿದ್ದು ಸುಳ್ಳು. ಹಕ್ಕಿ ಇರಲಿಲ್ಲ. ನಮ್ಮ ಹಬ್ಬದ ದಿನ ಚಂದ್ರನನ್ನು ನೋಡಿದರೆ ಕಳ್ಳನೆಂಬ ಅಪವಾದ ಬರುತ್ತದೆ. ಅದು ಬಾರದಿರಲೆಂದು ನಿಮ್ಮ ಮನೆಗೆ ಕಲ್ಲು ಎಸೆದೆ. ಮೀನನ್ನು ನಾನು ಮುಟ್ಟಿಲ್ಲ."

ಅಜ್ಜಿ ಎರಡು ಸಲ ಕೇಳಿಸಿಕೊಂಡರು. ನೀರಿನ ಪೈಪ್ ಕೆಳಗಿಟ್ಟು ತಮ್ಮ ಫೋನು ತೆಗೆದರು.

"ಕಳ್ಳನೆಂದು ಕರೆಯದಿರಲಿ ಎಂದು ಕಲ್ಲನ್ನು ಎಸೆಯಲಾಯಿತೇ?"

"ಹೌದು."

"ಕಲ್ಲನ್ನು ಎಸೆದ ಕಾರಣ ಕಳ್ಳನೆಂದು ಕರೆಯಲಾಯಿತೇ?"

"ಹೌದು."

"ನಿಮ್ಮ ಚಂದ್ರನು ಚೆನ್ನಾಗಿ ಕೆಲಸ ಮಾಡುತ್ತಾನೆ." ಫೋನನ್ನು ಮತ್ತೆ ಬಾಯಿಯ ಹತ್ತಿರ ಹಿಡಿದರು. "ನಂಬುತ್ತೇನೆ. ಇಷ್ಟು ಕೆಟ್ಟ ಸುಳ್ಳನ್ನು ಯಾರೂ ತಯಾರಿಸುವುದಿಲ್ಲ."

ಮೀನು ಏನಾಯಿತೆಂದು ಕೊನೆಗೂ ತಿಳಿಯಲಿಲ್ಲ. ಹಿಂದಿನ ಬಯಲಿನ ನರಿ ಇರಬಹುದು ಎಂದು ಮಗ ಆಮೇಲೆ ಹೇಳಿದ. ಆದರೆ ನನ್ನ ಕೆಲಸ ಇನ್ನೂ ಅರ್ಧವೇ ಆಗಿತ್ತು. "ದಯವಿಟ್ಟು ನೀವು ಈಗ ನನ್ನನ್ನು ಬೈಯಬೇಕು," ಎಂದೆ. "ಅದು ನಿಯಮ."

ಅಜ್ಜಿ ಸ್ಟೂಲ್ ತಂದು ಹತ್ತಿದರು. ಗಂಟಲು ಸರಿಮಾಡಿಕೊಂಡರು. ಮೊದಲು ಫೋನು ಜೊತೆಗೂಡಿತು: "ನೀವು ಟೊಳ್ಳು ಕುಂಬಳಕಾಯಿ ಆಗಿದ್ದೀರಿ. ನಿಮ್ಮ ತಲೆಯೊಳಗೆ ಗಂಜಿ ಇದೆ." ಆಮೇಲೆ ಅಜ್ಜಿ ತಮ್ಮ ಊರಿನ ಭಾಷೆಗೆ ಇಳಿದರು, ಫೋನು ಕ್ಷಮೆ ಕೇಳಿ ಸುಮ್ಮನಾಯಿತು. ಅವರು ನಿಲ್ಲಿಸಲಿಲ್ಲ. ಸ್ವರ ಏರಿತು, ಇಳಿಯಿತು, ಕೈ ಗಾಳಿಯಲ್ಲಿ ಏನನ್ನೋ ಕತ್ತರಿಸಿತು. ಮಗ ಗಾಬರಿಯಿಂದ ಹೊರಗೆ ಓಡಿಬಂದು, ನಾನು ಕೈಮುಗಿದು ನಿಂತಿರುವುದನ್ನು ಕಂಡು ಅಲ್ಲೇ ನಿಂತ. ನನ್ನ ಹೆಂಡತಿ ಅಡುಗೆಮನೆಯ ಕಿಟಕಿ ತೆಗೆದು ಕೇಳುತ್ತಿದ್ದಳು.

ಮುಗಿದಾಗ ಅಜ್ಜಿಯ ಮುಖ ಕೆಂಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ಉಸಿರು ತೆಗೆದುಕೊಂಡು ಫೋನಿಗೆ ನಿಧಾನವಾಗಿ ಹೇಳಿದರು.

"ಇಲ್ಲಿಗೆ ಬಂದ ನಂತರ ಯಾರನ್ನೂ ಬೈದಿರಲಿಲ್ಲ. ನನ್ನ ಮಗನು ಬಹಳ ಒಳ್ಳೆಯವನು, ಅವಕಾಶ ಕೊಡುವುದಿಲ್ಲ. ನೀವು ನಾಳೆಯೂ ಬನ್ನಿ."