ಅಬೇದಾ ಖಾಲಾನ ಕಿವಿಗೆ ತಕ್ಕ ಬೆಲ್ಲು

ಟೆಲಿಫೋನ್ ಕಚೇರಿಯಲ್ಲಿ ವೈರು ಬೆಸೆಯುತ್ತಲೇ ನೌಕರಿ ಮುಗಿಸಿದ ಅಬೇದಾಗೆ ಸುಮ್ಮನೆ ಕೂಡುವುದು ಮೈಗೆ ಒಗ್ಗಲಿಲ್ಲ. ಮೊಮ್ಮಗಳು ನಾಜಿಯಾಗೆಂದು ಬ್ಯಾಟರಿಯ ಪೀಪಿಯೊಂದನ್ನು ಮಾಡಿಕೊಟ್ಟಳು. ಅದರ ಸದ್ದಿಗೆ ಜೋರಾಪುರ ಪೇಟೆಯ ಆ ಓಣಿಯ ಮಕ್ಕಳೆಲ್ಲ ಬಂದು ಪಡಸಾಲೆ ತುಂಬಿದರು. ಅಂದಿನಿಂದ ಭಾನುವಾರವೆಂದರೆ ಅಲ್ಲಿ ಮಕ್ಕಳು ಪೀಪಿ ಜೋಡಿಸುವ ಕುಂಯ್, ಟರ್ರ್ ಎಂಬ ಗದ್ದಲ. ಹಳೆಯ ರೇಡಿಯೋದ ಸ್ಪೀಕರು, ಪುಟ್ಟದೊಂದು ಐಸಿ ಚಿಪ್ಪು, ಸಣ್ಣದಿದ್ದರೆ ಕೀಚು ದನಿ, ದೊಡ್ಡದಿದ್ದರೆ ದಪ್ಪ ದನಿ ಹೊರಡಿಸುವ ಕೆಪಾಸಿಟರು, ಆ ದನಿಯನ್ನು ಏರಿಸಿ ಇಳಿಸಲು ತಿರುವುವ ಗುಂಡಿ, ಇವನ್ನೆಲ್ಲ ಚುಚ್ಚುವ ತೂತಿನ ಬೋರ್ಡು, ಇಷ್ಟೇ ಸಾಮಾನು. ಜೋಡಿಸಿದ್ದು ಸದ್ದು ಮಾಡದಿದ್ದರೆ, ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅಬೇದಾ ತಾನು ಕೈ ಹಚ್ಚುತ್ತಿರಲಿಲ್ಲ. ಒಂದೊಂದೇ ವೈರು ಬದಲಿಸಿ ನೋಡಿರೆಂದು ಹೇಳಿ ಚಹಾ ಸೋಸಲು ಎದ್ದುಬಿಡುತ್ತಿದ್ದಳು.

ಒಂದು ಭಾನುವಾರ ಎದುರುಮನೆಯ ದಶರಥನ ಮಗಳು ಆಮ್ರಪಾಲಿ, ಕೈಗೆ ಸಿಕ್ಕ ತೀರ ಸಣ್ಣ ಕೆಪಾಸಿಟರನ್ನು ಬೋರ್ಡಿಗೆ ಚುಚ್ಚಿ ಬ್ಯಾಟರಿ ಜೋಡಿಸಿದಳು. ಅಬೇದಾ ಬಗ್ಗಿ ಆಲಿಸಿ, ಸದ್ದೇ ಬಂದಿಲ್ಲ, ವೈರು ನೋಡೆಂದಳು. ಹುಡುಗಿ ಎಲ್ಲ ವೈರು ಮುಟ್ಟಿ ನೋಡಿದಳು.

"ಬರಾಕತ್ತೈತ್ರಿ ಖಾಲಾ. ಕಿವಿಗೆ ಸೂಜಿ ಚುಚ್ಚಿದಂಗ ಆಗಾಕತ್ತೈತಿ."

ಅಬೇದಾ ತಲೆ ಎತ್ತಿದಳು. ನಾಜಿಯಾ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಉಳಿದವರ ಮುಖವೂ ಹುಳಿ ತಿಂದಂತಾಗಿತ್ತು. ಯಾರೂ ಚೇಷ್ಟೆ ಮಾಡುತ್ತಿರಲಿಲ್ಲ. ಬಾಗಿಲ ಬೆಲ್ಲು ಎಷ್ಟು ಒತ್ತಿದರೂ ಅಮ್ಮೀ ತೆಗೆಯುವುದಿಲ್ಲ ಎಂದು ಮಗ ಯಾಸೀನ ಗೊಣಗುತ್ತಿದ್ದುದು, ನೀನೇ ಸರಿಯಾಗಿ ಒತ್ತುವುದಿಲ್ಲವೆಂದು ತಾನು ಬೈಯುತ್ತಿದ್ದುದು ಏಕೆಂದು ಅವಳಿಗೆ ಈಗ ಅರ್ಥವಾಯಿತು. ಹಕ್ಕಿಯಂತೆ ಕೀಚುವ ಬೆಲ್ಲು ಅದು.

"ನಿಮ್ಮ ಕಿವ್ಯಾಗ ಬರಾಕತ್ತೈತಿ, ನನ್ನ ಕಿವ್ಯಾಗ ಬರವಲ್ದು ನೋಡ್ರಿ," ಎಂದಳು.

ಯಾರೋ ಕಿಸಕ್ಕೆಂದರು. ಆಮ್ರಪಾಲಿ ನಗಲಿಲ್ಲ. ಕೇಳಿಸಿದ ಕೂಡಲೇ ಕೈ ಎತ್ತಬೇಕೆಂದು ಖಾಲಾಗೆ ಹೇಳಿ, ಗುಂಡಿಯನ್ನು ನಿಧಾನವಾಗಿ ತಿರುವಿದಳು. ಕೀಚು ದನಿ ಇಳಿಯುತ್ತ ದಪ್ಪಗಾಗುತ್ತ ಬಂದಾಗ ಅಬೇದಾಳ ಕೈ ಮೇಲೆದ್ದಿತು. ನಾಜಿಯಾ ಇನ್ನೊಂದು ಬ್ಯಾಟರಿ ಸೇರಿಸಿ ಮೊದಲಿನ ಕೀಚು ಸದ್ದನ್ನೇ ಜೋರು ಮಾಡಿ ನೋಡಿದಳು. ಆದರೂ ಖಾಲಾಗೆ ಅದು ಕೇಳಿಸಲಿಲ್ಲ. ಸದ್ದಿನ ಜೋರು ಬೇರೆ, ದನಿಯ ಏರು ಬೇರೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರು. ಅಬೇದಾ ವಿವರಿಸಬೇಕೆಂದಿದ್ದ ಪಾಠ ಅವಳ ಬಾಯಲ್ಲೇ ಉಳಿಯಿತು.

ಮುಂದಿನ ವಾರ ಅವರು ಖಾಲಾಗೆಂದೇ ಬೆಲ್ಲು ಮಾಡಲು ಕುಳಿತರು. ಒಂದು ಕೆಪಾಸಿಟರು ಹಾಕುವುದು, ಅವಳ ಮುಖ ನೋಡುವುದು, ತೆಗೆದು ಇನ್ನೊಂದು ಹಾಕುವುದು. ಮುಂಚೆ ಸದ್ದು ಕೆಟ್ಟರೆ ನಿಂದು ತಪ್ಪು, ನಿಂದು ತಪ್ಪು ಎಂದು ಕಿತ್ತಾಡುತ್ತಿದ್ದ ಹುಡುಗರು ಈಗ ಹೆಂಗ ಕೇಳಸ್ತದರಿ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಕೊನೆಗೆ ಎಮ್ಮೆ ಕೂಗಿದಂಥ ದಪ್ಪ ದನಿ ಹೊರಟಿತು. ಯಾಸೀನ ಅದನ್ನು ಬಾಗಿಲಿಗೆ ಕೂಡಿಸಿ ಒತ್ತಿದಾಗ, ಅಡುಗೆಮನೆಯಿಂದ ಅಬೇದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನಗುತ್ತ ಬಂದು ಬಾಗಿಲು ತೆಗೆದಳು.

ಆಮೇಲೆ ಮಗನ ಜೊತೆ ಕಿವಿ ಡಾಕ್ಟರಲ್ಲಿಗೂ ಹೋಗಿಬಂದಳು. ವಯಸ್ಸಿನದು, ಹೆದರಬೇಡಿ ಎಂದರಂತೆ. ಕೊಟ್ಟ ಮಷೀನನ್ನು ಮದುವೆ ಮುಂಜಿಗಷ್ಟೇ ಹಾಕಿಕೊಳ್ಳುತ್ತಾಳೆ.

ದಸರಾ ರಜೆಗೆ ಆಮ್ರಪಾಲಿ ತನ್ನ ಬೋರ್ಡು ಹೊತ್ತು ನಿಡೋಣಿಗೆ, ಅಜ್ಜಿ ಪರಸವ್ವನ ಮನೆಗೆ ಹೋದಳು. ಅಜ್ಜಿಯನ್ನು ಕಟ್ಟೆಯ ಮೇಲೆ ಕೂಡಿಸಿ ಕೈ ಎತ್ತಿಸಿದ್ದೇ ತಡ, ಓಣಿಯ ಮುದುಕಿಯರೆಲ್ಲ ನನ್ನ ಕಿವಿ ನೋಡು, ನನ್ನದು ನೋಡು ಎಂದು ಸುತ್ತ ಬಂದು ಕುಳಿತರಂತೆ. ಮೂವರಿಗೆ ಬೆಲ್ಲು ಬೇಕಂತೆ. ಹುಡುಗಿ ಫೋನು ಮಾಡಿದಳು.

"ಖಾಲಾ, ದೊಡ್ಡ ಕೆಪಾಸಿಟರು ತೀರ್ಯಾವ್ರಿ. ನೀವ ತಗೊಂಡ ಬರ್ರಲ್ಲ."

ಅಬೇದಾ ಮರುದಿನ ಮುಂಜಾನೆಯ ಬಸ್ಸಿಗೇ ನಿಡೋಣಿಗೆ ಹೊರಟಳು.